ನೀಲಿ ಮುಚ್ಚಳದ ಕುರುಡು ಹಾವು

ನಮ್ಮ ಜೀವಶಾಸ್ತ್ರ ವಿಭಾಗದಲ್ಲಿ ಡಾಕ್ಟರೇಟು ಪಡೆದವರು ಐದು ಜನ. ನಾವು ಐದು ಜನ, ನಮಗಿಂತ ಮುಂಚೆ ಇದ್ದವರು ಒಂದಷ್ಟು ಜನ, ಎಲ್ಲ ಸೇರಿ ಇಪ್ಪತ್ತೆರಡು ವರ್ಷ ಒಂದು ಜಾಡಿಯೊಳಗೆ ಏನಿದೆ ಎಂದು ನೋಡಲಿಲ್ಲ. ಕೊನೆಗೆ ನೋಡಿದ್ದು ಆ ಜಾಡಿಯನ್ನು ಒರೆಸಿಡುವ ಹೆಂಗಸು. ಕಥೆ ಆಕೆಯದು, ಹೋದ ಮಾನ ನಮ್ಮದು. ಬೇರೆಯವರು ಹೇಳಿದರೆ ಇನ್ನೂ ಕೆಟ್ಟದಾಗಿ ಹೇಳಿಯಾರೆಂದು ನಾನೇ ಹೇಳುತ್ತಿದ್ದೇನೆ.

ಅವರನ್ನು ಎಲ್ಲರೂ ಕರೆಯುವುದು ಜಾಡಿಯಮ್ಮ ಎಂದು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆ, ಅದು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಕೆಲಸ ಲ್ಯಾಬ್ ಅಟೆಂಡರ್, ತಾತ್ಕಾಲಿಕ. ಇಪ್ಪತ್ತೆರಡು ವರ್ಷದಿಂದ ತಾತ್ಕಾಲಿಕ. ಭೂಮಿಯ ಮೇಲೆ ಜೀವ ಹುಟ್ಟಿ ಮುನ್ನೂರೈವತ್ತು ಕೋಟಿ ವರ್ಷವಾಯಿತು ಎಂದು ಪಾಠ ಮಾಡುವ ವಿಭಾಗಕ್ಕೆ ಇಪ್ಪತ್ತೆರಡು ವರ್ಷ ಯಾವ ಲೆಕ್ಕ?

ಮೊದಲ ಮಹಡಿಯ ಕೊನೆಯಲ್ಲಿ ನಮ್ಮ ಮ್ಯೂಸಿಯಂ ಇದೆ. ಹೆಸರು ದೊಡ್ಡದು, ಇರುವುದು ಒಂದೇ ಕೋಣೆ. ನಾಲ್ಕು ಗಾಜಿನ ಬೀರು, ಮುನ್ನೂರ ಹನ್ನೆರಡು ಜಾಡಿ, ಒಂದು ಕುಂಟು ಸ್ಟೂಲು, ಮೂಲೆಯಲ್ಲಿ ಕೈ ತೊಳೆಯುವ ಸಿಂಕು. ಜಾಡಿಗಳಲ್ಲಿ ಸ್ಪಂಜಿನಿಂದ ಹಿಡಿದು ಬಾವಲಿಯವರೆಗೆ ಸಕಲ ಜೀವರಾಶಿ ಫಾರ್ಮಲಿನ್ನಿನಲ್ಲಿ ನೆನೆಯುತ್ತಿದೆ. ಜಾಡಿ ಒರೆಸುವುದು, ಇಳಿದ ದ್ರವವನ್ನು ತುಂಬುವುದು, ಮುಚ್ಚಳದ ಸುತ್ತ ಮೇಣ ಹಚ್ಚುವುದು ಜಾಡಿಯಮ್ಮನ ಕೆಲಸ. ಆ ವಾಸನೆ ನಮಗೆಲ್ಲ ಕಣ್ಣಲ್ಲಿ ನೀರು ತರಿಸುತ್ತದೆ. ಅವರಿಗೆ ಅದು ಈಗ ವಾಸನೆಯೇ ಅಲ್ಲವಂತೆ.

ಹದಿನೈದು ವರ್ಷದ ಹಿಂದೆ ನಾನು ಇದೇ ಕಾಲೇಜಿನಲ್ಲಿ ಮೊದಲ ವರ್ಷದ ವಿದ್ಯಾರ್ಥಿಯಾಗಿದ್ದಾಗ ಜಾಡಿಯಮ್ಮ ನನ್ನನ್ನು ಕರೆಯುತ್ತಿದ್ದದ್ದು "ಮರಿ" ಎಂದು. "ಮರಿ, ಮುಚ್ಚಳ ಮುಟ್ಬೇಡ. ಮರಿ, ಕೈ ತೊಳ್ಕೊಂಡು ಊಟ ಮಾಡು." ಆರು ವರ್ಷ ಕಳೆದು ನಾನು ಇಲ್ಲಿಗೇ ಮೇಷ್ಟ್ರಾಗಿ ಬಂದ ದಿನ ಅದೇ ಬಾಯಲ್ಲಿ "ಬನ್ನಿ ಸಾರ್" ಎಂದರು. ಹಾಗೆಲ್ಲ ಕರೆಯಬೇಡಿ ಎಂದು ಹೇಳಬಹುದಿತ್ತು, ಆದರೆ ಸಾರ್ ಎನಿಸಿಕೊಳ್ಳಲು ನಾನು ಬಹಳ ಕಷ್ಟಪಟ್ಟಿದ್ದೆ.

ನಮ್ಮಲ್ಲಿ ಜೀವವೈವಿಧ್ಯವನ್ನು ಹೇಗೆ ಕಲಿಸುತ್ತೇವೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಮೇಜಿನ ಮೇಲೆ ಹತ್ತು ಜಾಡಿ ಇಡುತ್ತೇವೆ. "ನೋಡಿ ಬರೆಯಿರಿ" ಎನ್ನುತ್ತೇವೆ. ನೋಡಿ ಬರೆಯುವುದು ಎಂಬುದಕ್ಕೆ ಎರಡು ಅರ್ಥವಿದೆ. ಜಾಡಿಯನ್ನು ನೋಡಿ ಚಿತ್ರ ಬರೆಯುವುದು ಒಂದು. ಹೋದ ವರ್ಷದ ಅಣ್ಣನೋ ಅಕ್ಕನೋ ಕೊಟ್ಟ ರೆಕಾರ್ಡ್ ಪುಸ್ತಕವನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡು ಬರೆಯುವುದು ಇನ್ನೊಂದು. ನಮ್ಮ ವಿದ್ಯಾರ್ಥಿಗಳು ಎರಡನೇ ಅರ್ಥವನ್ನು ಹಿಡಿದರು. ಆ ಅಣ್ಣ ಅವನ ಅಣ್ಣನದನ್ನು ನೋಡಿ ಬರೆದಿರುತ್ತಾನೆ, ಅವನು ಅವನ ಅಣ್ಣನದನ್ನು. ಬರೆದ ಪುಸ್ತಕ ನಮ್ಮ ಮುಂದೆ ಬರುತ್ತದೆ. ನಾವು ಪುಟ ತಿರುಗಿಸಿ ತಿರುಗಿಸಿ ಕೆಳಗಡೆ "ನೋಡಿದೆ" ಎಂದು ಬರೆದು ಸಹಿ ಹಾಕುತ್ತೇವೆ. ಒಂಬತ್ತು ವರ್ಷದಲ್ಲಿ ನಾನು ಹಾಗೆ ಹತ್ತು ಸಾವಿರ ಪುಟವನ್ನಾದರೂ ನೋಡಿದ್ದೇನೆ. ಅದರಲ್ಲಿ ಕಣ್ಣಿನಿಂದ ನೋಡಿದ್ದು ಎಷ್ಟು ಎಂದು ಕೇಳಬೇಡಿ.

ಪರೀಕ್ಷೆಯಲ್ಲಿ ಜಾಡಿಯ ಲೇಬಲ್ಲನ್ನು ಗೋಡೆಯ ಕಡೆ ತಿರುಗಿಸಿಟ್ಟು ಮುಂದೆ ಬರೀ ನಂಬರು ಅಂಟಿಸುತ್ತೇವೆ. ಪ್ರಾಣಿಯ ಹೆಸರು, ಅದು ಯಾವ ವರ್ಗದ್ದು, ಗುರುತಿಸಲು ಒಂದು ಲಕ್ಷಣ, ಇಷ್ಟು ಬರೆದರೆ ಎರಡು ಮಾರ್ಕು. ನಮ್ಮ ಮಕ್ಕಳು ದಡ್ಡರಲ್ಲ. ಅವರು ಮುಚ್ಚಳ ನೋಡಿ ನೆನಪಿಟ್ಟುಕೊಂಡಿರುತ್ತಾರೆ. ಬಿರುಕು ಬಿಟ್ಟ ಮುಚ್ಚಳವೆಂದರೆ ನಕ್ಷತ್ರ ಮೀನು, ಮೇಣ ಸೋರಿದ್ದು ಜಿಗಣೆ, ನೀಲಿ ಮುಚ್ಚಳ ಕುರುಡು ಹಾವು, ಕಪ್ಪು ಮುಚ್ಚಳ ಕಾಲಿಲ್ಲದ ಉಭಯವಾಸಿ. ಈ ಕೊನೆಯ ಎರಡು ನೋಡಲು ಎರೆಹುಳುವಿನ ದೊಡ್ಡಪ್ಪನ ಮಕ್ಕಳ ಹಾಗೆ ಇವೆ. ಎರಡಕ್ಕೂ ಕಾಲಿಲ್ಲ, ಕಣ್ಣು ಇದ್ದೂ ಇಲ್ಲ, ಎರಡೂ ಮಣ್ಣಿನಡಿ ಇರುವಂಥವು. ಆದರೆ ಒಂದು ಹಾವಿನ ಕಡೆಯದು, ಮೈತುಂಬ ಹುರುಪೆ. ಇನ್ನೊಂದು ಕಪ್ಪೆಯ ಕಡೆಯದು, ಮೈ ನುಣುಪು, ಸುತ್ತಲೂ ಬಳೆ ತೊಡಿಸಿದ ಹಾಗೆ ಉಂಗುರದ ಗೆರೆಗಳು. ಬೇರೆ ಬೇರೆ ಮನೆತನದವು ಒಂದೇ ಥರದ ಬದುಕು ಮಾಡಿ ಮಾಡಿ ಒಂದೇ ಥರ ಕಾಣುತ್ತವೆ ಎಂಬುದಕ್ಕೆ ನಾವು ವರ್ಷ ವರ್ಷವೂ ಇವೆರಡನ್ನೇ ತೋರಿಸುತ್ತೇವೆ.

ಇನ್ನು ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ವಿಶ್ವವಿದ್ಯಾಲಯದಿಂದ ಸುತ್ತೋಲೆ ಬಂತು. ತಾತ್ಕಾಲಿಕ ಅಟೆಂಡರ್ ಹುದ್ದೆಗಳೆಲ್ಲ ಆ ಶೈಕ್ಷಣಿಕ ವರ್ಷದ ಕೊನೆಗೆ ರದ್ದು. ಅದರ ಬದಲು ಮ್ಯೂಸಿಯಂ ಕೀಪರ್ ಎಂಬ ಒಂದು ಕಾಯಂ ಹುದ್ದೆ. ಅದಕ್ಕೆ ಮೊದಲ ವರ್ಷದ ಜೀವಶಾಸ್ತ್ರ ಪತ್ರಿಕೆಯಲ್ಲಿ ನೂರಕ್ಕೆ ಐವತ್ತು ಬಂದಿರಬೇಕು, ವಯಸ್ಸು ನಲವತ್ತೈದು ದಾಟಿರಬಾರದು. ಜಾಡಿಯಮ್ಮನಿಗೆ ನಲವತ್ತನಾಲ್ಕು ತುಂಬಿ ಮೂರು ತಿಂಗಳಾಗಿತ್ತು. ಇರುವುದು ಒಂದೇ ಪರೀಕ್ಷೆ. ಪಾಸಾದರೆ ಜಾಡಿಗಳು ಅವರವು, ಇಲ್ಲದಿದ್ದರೆ ಮನೆಗೆ.

ನಮ್ಮ ವಿಭಾಗದ ಮುಖ್ಯಸ್ಥರನ್ನು ನಾವು ದೊಡ್ಡ ಮೇಷ್ಟ್ರು ಎನ್ನುತ್ತೇವೆ. ಅವರಿಗೆ ಒಬ್ಬ ಭಾಮೈದನಿದ್ದಾನೆ. ಪದವಿ ಇದೆ, ಬಿಡುವೂ ಇದೆ. ಸುತ್ತೋಲೆ ಬಂದ ವಾರವೇ ಆತ ಮ್ಯೂಸಿಯಂ ನೋಡಲು ಬಂದು, ಸ್ಟೂಲು ತೆಗೆಸಿ ಎಂಥ ಕುರ್ಚಿ ಹಾಕಿಸಬೇಕು, ಫ್ಯಾನು ಯಾವ ಕಡೆಗಿರಬೇಕು ಎಂದೆಲ್ಲ ವಿಚಾರಿಸಿಕೊಂಡು ಹೋದ. ಜಾಡಿಗಳ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಿದ: "ಇವು ಕೆಟ್ಟು ಹೋಗಲ್ವಾ?"

ಹೀಗೆ ಜಾಡಿಯಮ್ಮ ಆ ಒಂದು ಪತ್ರಿಕೆಗೆ ಹೆಸರು ನೋಂದಾಯಿಸಿ ಹದಿನೆಂಟು ವರ್ಷದ ನಲವತ್ತೊಂದು ಮಕ್ಕಳ ಜೊತೆ ಕೊನೆಯ ಬೆಂಚಿನಲ್ಲಿ ಕೂತರು. ಬೆಳಗ್ಗೆ ಸ್ಲೈಡು ತೊಳೆದು, ಮೇಜಿನ ಮೇಲೆ ಜೋಡಿಸಿ, ಗಂಟೆ ಹೊಡೆದ ಮೇಲೆ ಏಪ್ರನ್ನು ಬಿಚ್ಚಿ ಮೊಳೆಗೆ ನೇತು ಹಾಕಿ ವಿದ್ಯಾರ್ಥಿಯಾಗುತ್ತಿದ್ದರು. ತರಗತಿ ಮುಗಿದರೆ ಮತ್ತೆ ಏಪ್ರನ್ನು. ನಾನು ವಿಕಾಸದ ಪಾಠ ಮಾಡುತ್ತಾ ಮಾಡುತ್ತಾ ಸೀಮೆಸುಣ್ಣ ಮುಗಿದರೆ ಅಭ್ಯಾಸಬಲದಿಂದ ಅವರ ಕಡೆ ನೋಡುತ್ತಿದ್ದೆ. ಅವರು ನೋಟ್ಸು ಬರೆಯುವುದನ್ನು ನಿಲ್ಲಿಸಿ ಎದ್ದು ಹೋಗಿ ತಂದು ಕೊಡುತ್ತಿದ್ದರು. ಆ ಎರಡು ನಿಮಿಷದಲ್ಲಿ ಹೇಳಿದ್ದು ಅವರಿಗೆ ತಪ್ಪಿ ಹೋಗುತ್ತದೆ ಎಂದು ನನಗೆ ಒಂದು ದಿನವೂ ಹೊಳೆಯಲಿಲ್ಲ.

ಅವರ ಮನೆ ಕಾಲೇಜಿನ ಹಿಂದಿನ ಬೀದಿಯಲ್ಲಿ. ಮುಂದೆ ಗಂಡನ ವಾಚು ರಿಪೇರಿಯ ಅಂಗಡಿ, ಒಬ್ಬ ಕೂತರೆ ಇನ್ನೊಬ್ಬ ನಿಲ್ಲಬೇಕಾದಷ್ಟು ಜಾಗ. ಹಿಂದೆ ಎರಡು ಕೋಣೆ. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಗಂಟೆ ಕೇಳುವವರೇ ಇಲ್ಲ. ಪಾಠ ಶುರುವಾದ ಮೇಲೆ ಜಾಡಿಯಮ್ಮ ಗಂಡನನ್ನು ಅಳಿವಿನ ಅಂಚಿನಲ್ಲಿರುವ ಪ್ರಾಣಿ ಎಂದು ಕರೆಯತೊಡಗಿದ್ದರು. ಆತ ಬೇಜಾರು ಮಾಡಿಕೊಳ್ಳಲಿಲ್ಲ. "ನನ್ನನ್ನೂ ಒಂದು ಜಾಡಿಗೆ ಹಾಕಿಡು, ನೀನೇ ಒರೆಸ್ತಿರು" ಎಂದನಂತೆ. ಮಗಳು ಇದೇ ಕಾಲೇಜಿನಲ್ಲಿ ವಾಣಿಜ್ಯದ ಎರಡನೇ ವರ್ಷ. ತಾಯಿ ತನಗಿಂತ ಒಂದು ವರ್ಷ ಕೆಳಗೆ ಓದುತ್ತಿರುವುದನ್ನು ಗೆಳತಿಯರಿಂದ ಮುಚ್ಚಿಡಲು ಆ ಹುಡುಗಿ ಕ್ಯಾಂಟೀನಿನ ದಾರಿಯನ್ನೇ ಬದಲಾಯಿಸಿದ್ದಳು.

ಇನ್ನು ಅತ್ತೆ. ಎಂಬತ್ತರ ಹತ್ತಿರದ ಆ ಮುದುಕಿಗೆ ಸೊಸೆ ಏನು ಓದುತ್ತಿದ್ದಾಳೆಂಬುದು ಯಾರಿಂದಲೋ ಕಿವಿಗೆ ಬಿತ್ತು.

"ಮಂಗ ನಮ್ಮ ಅಜ್ಜ ಅಂತ ಹೇಳ್ಕೊಡ್ತಾರಂತೆ ಅಲ್ಲಿ? ನಿಜವೇನೇ?"

"ಅಜ್ಜ ಅಲ್ಲ ಅತ್ತೆ, ದಾಯಾದಿ. ನಮ್ಮ ಅಜ್ಜ, ಅವುಗಳ ಅಜ್ಜ ಒಬ್ಬನೇ. ಆಮೇಲೆ ಬೇರೆ ಬೇರೆ ಮನೆ ಆಯ್ತು. ಅವರು ಮರದ ಮೇಲೆ ಉಳಿದ್ರು, ನಾವು ಕೆಳಗಿಳಿದ್ವಿ."

ಮುದುಕಿಗೆ ಅದು ಸರಿ ಎನಿಸಿತಂತೆ. "ಹಾಗನ್ನು ಮತ್ತೆ. ದಾಯಾದಿಗಳು ಅಂದ್ರೆ ಹಾಗೇ ಇರ್ತಾರೆ, ಹಲ್ಲು ಕಿಸೀತಾರೆ, ಕಿತ್ಕೊಂಡು ತಿಂತಾರೆ."

ದೊಡ್ಡ ಮೇಷ್ಟ್ರು ಮೂವತ್ತು ವರ್ಷದಿಂದ ಇದೇ ವಿಷಯವನ್ನು ಮೂರು ಗಂಟೆ ಪಾಠ ಮಾಡುತ್ತಾರೆ. ಕೊನೆಯಲ್ಲಿ ಮಕ್ಕಳು "ಮಂಗನಿಂದ ಮಾನವ" ಎಂದೇ ಬರೆಯುತ್ತಾರೆ. ನಾನು ಮಾರನೆಯ ದಿನದಿಂದ ತರಗತಿಯಲ್ಲಿ ದಾಯಾದಿ ಎಂದೇ ಹೇಳತೊಡಗಿದೆ. ಯಾರ ಮಾತು ಎಂದು ಮಾತ್ರ ಹೇಳಲಿಲ್ಲ.

ಜಾಡಿಯಮ್ಮನಿಗೆ ರೆಕಾರ್ಡ್ ಪುಸ್ತಕ ಕೊಡಲು ಹಿಂದಿನ ವರ್ಷದ ಅಣ್ಣ ಅಕ್ಕ ಯಾರೂ ಇರಲಿಲ್ಲ. ಹಾಗೆ ನೋಡಿದರೆ ಉಗ್ರಾಣದಲ್ಲಿ ಇಪ್ಪತ್ತೆರಡು ವರ್ಷದ ಹಳೆಯ ರೆಕಾರ್ಡುಗಳು ಅವರ ಕೈಯಲ್ಲೇ ಇದ್ದವು. ಪರೀಕ್ಷೆ ಮುಗಿದ ಮೇಲೆ ವಾಪಸು ಒಯ್ಯದೆ ಬಿಟ್ಟು ಹೋದವನ್ನು ಅವರು ಬೀರುವಿನ ಅಡಿಗೆ ಹಾಸಲೆಂದು ಎತ್ತಿಟ್ಟಿದ್ದರು. ಆದರೆ "ನೋಡಿ ಬರೆಯಿರಿ" ಎಂದು ನಾನು ಹೇಳಿದಾಗ ಈ ಪುಣ್ಯಾತ್ಗಿತ್ತಿ ಜಾಡಿಯನ್ನು ನೋಡಲು ಶುರು ಮಾಡಿದರು. ಗಂಡ ವಾಚು ಬಿಚ್ಚುವಾಗ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಕಪ್ಪು ಮಸೂರವೊಂದನ್ನು ತಂದು, ಕುಂಟು ಸ್ಟೂಲಿನ ಮೇಲೆ ಕೂತು, ಒಂದೊಂದು ಜಾಡಿಗೆ ಒಂದೊಂದು ಮಧ್ಯಾಹ್ನ ಕಳೆದರು. ನೀಲಿ ಮುಚ್ಚಳದ ಸರದಿ ಬಂದಾಗ ಚಹಾದ ಬಣ್ಣಕ್ಕೆ ತಿರುಗಿದ್ದ ಹಳೆಯ ದ್ರವವನ್ನು ಚೆಲ್ಲಿ ಹೊಸದು ತುಂಬಿದರು. ಮಸೂರವನ್ನು ಗಾಜಿಗೆ ಒತ್ತಿ ನೋಡಿದರು. ಹುರುಪೆ ಇರಲಿಲ್ಲ. ತಲೆಯಿಂದ ಬಾಲದವರೆಗೆ ಉಂಗುರ, ಉಂಗುರ, ಉಂಗುರ.

ಕಪ್ಪು ಮುಚ್ಚಳದ್ದನ್ನು ನೋಡಿದರು. ಅದರ ಮೈತುಂಬ ಹುರುಪೆ.

ಆಗ ಅವರು ಮಸೂರ ಕೆಳಗಿಟ್ಟು ಎರಡೂ ಜಾಡಿಗಳ ಲೇಬಲ್ಲನ್ನು ಮತ್ತೆ ಮತ್ತೆ ನೋಡಿದರು. ಯಾಕೆಂಬುದು ನನಗೆ ಗೊತ್ತಾದದ್ದು ಪರೀಕ್ಷೆಯ ದಿನ, ಆದರೆ ಇಲ್ಲೇ ಹೇಳಿಬಿಡುತ್ತೇನೆ. ಅವರು ಕೆಲಸಕ್ಕೆ ಸೇರಿದ ಮೊದಲ ವಾರ, ಶುಚಿ ಮಾಡುವ ಉತ್ಸಾಹದಲ್ಲಿ ಈ ಎರಡೂ ಜಾಡಿಗಳನ್ನು ಸಿಂಕಿನಲ್ಲಿಟ್ಟು ನಲ್ಲಿ ಬಿಟ್ಟಿದ್ದರು. ಲೇಬಲ್ಲುಗಳೆರಡೂ ಬಿಟ್ಟುಕೊಂಡು ತೇಲಿ ಬಂದವು. ಅದರ ಮೇಲೆ ಸುರುಳಿ ಸುರುಳಿ ಅಕ್ಷರದ ಲ್ಯಾಟಿನ್ ಹೆಸರು, ಅವರಿಗೆ ಆಗ ಓದಲು ಬರುತ್ತಿರಲಿಲ್ಲ. ಯಾರನ್ನಾದರೂ ಕೇಳಿದರೆ ಮೊದಲ ವಾರವೇ ಕೆಲಸ ಹೋದೀತೆಂಬ ಹೆದರಿಕೆ. ಒಂದು ಹೆಸರು ಉದ್ದ, ಒಂದು ಗಿಡ್ಡ. ಒಂದು ಪ್ರಾಣಿ ಉದ್ದ, ಒಂದು ಗಿಡ್ಡ. ಉದ್ದ ಹೆಸರನ್ನು ಉದ್ದ ಪ್ರಾಣಿಗೆ ಅಂಟಿಸಿ ನೆಮ್ಮದಿಯಾಗಿ ಕೈ ಒರೆಸಿಕೊಂಡರು. ಆವತ್ತಿನಿಂದ ನಮ್ಮ ಕಾಲೇಜಿನಲ್ಲಿ ಹಾವು ಕಪ್ಪೆಯಾಯಿತು, ಕಪ್ಪೆ ಹಾವಾಯಿತು. ಅದನ್ನೇ ಓದಿ ಎಷ್ಟೋ ಜನ ಚಿನ್ನದ ಪದಕ ತೆಗೆದುಕೊಂಡರು.

ಪರೀಕ್ಷೆಗೆ ಒಂದು ತಿಂಗಳಿರುವಾಗ ಅವರು ನನ್ನ ಮೇಜಿನ ಹತ್ತಿರ ಬಂದು ನಿಂತರು.

"ಸಾರ್, ಕುರುಡು ಹಾವಿಗೆ ಹುರುಪೆ ಇರುತ್ತಲ್ವಾ?"

"ಇರುತ್ತೆ. ಪುಸ್ತಕದಲ್ಲಿ ಇದೆಯಲ್ಲ." ನಾನು ರೆಕಾರ್ಡುಗಳಿಗೆ ಸಹಿ ಹಾಕುತ್ತಿದ್ದೆ.

"ಪುಸ್ತಕದಲ್ಲಿದೆ ಸಾರ್. ಜಾಡೀಲಿಲ್ಲ."

"ಹಳೇದಲ್ವಾ, ಉದುರಿ ಹೋಗಿರುತ್ತೆ."

ತಲೆ ಎತ್ತದೆ ಇಷ್ಟು ಹೇಳಿದೆ. ಎದ್ದು ಹನ್ನೆರಡು ಹೆಜ್ಜೆ ನಡೆದರೆ ಮ್ಯೂಸಿಯಂ. ನನ್ನ ಡಾಕ್ಟರೇಟು ಸರೀಸೃಪಗಳ ಚರ್ಮದ ಮೇಲೆ ಎಂಬುದನ್ನೂ ನೀವು ತಿಳಿದಿರುವುದು ಒಳ್ಳೆಯದು.

ಮರುದಿನವೇ ದೊಡ್ಡ ಮೇಷ್ಟ್ರು, ಪರೀಕ್ಷೆ ಬರೆಯುವವರ ಹತ್ತಿರ ಬೀರುವಿನ ಕೀಲಿ ಇರುವುದು ನ್ಯಾಯವಲ್ಲ ಎಂದು ಕೀಲಿಗೊಂಚಲನ್ನು ಇಸಿದುಕೊಂಡರು. ನ್ಯಾಯದ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು, ಅದರಲ್ಲೂ ಭಾಮೈದನ ವಿಷಯ ಬಂದಾಗ. ಹೀಗಾಗಿ ಲೇಬಲ್ಲುಗಳನ್ನು ಸದ್ದಿಲ್ಲದೆ ಅದಲುಬದಲು ಮಾಡಿ ಸರಿಪಡಿಸುವ ದಾರಿಯೂ ಮುಚ್ಚಿತು.

ಬರವಣಿಗೆಯ ಪರೀಕ್ಷೆಯ ಫಲಿತಾಂಶ ಮೊದಲು ಬಂತು. ಐವತ್ತಕ್ಕೆ ಹತ್ತೊಂಬತ್ತು. ಲೇಬಲ್ಲು ಬರೆದ ಹಾಗೆ ಒಂದೊಂದಕ್ಷರವನ್ನೂ ದುಂಡಗೆ ಬರೆಯುತ್ತಾ ಕೂತು, ಆರು ಪ್ರಶ್ನೆಯಲ್ಲಿ ಮೂರು ಮುಗಿಸುವಷ್ಟರಲ್ಲಿ ಗಂಟೆ ಹೊಡೆದಿತ್ತು. ಉಳಿದ ಮಕ್ಕಳಿಗೆ ನೂರಕ್ಕೆ ಮೂವತ್ತೈದು ಬಂದರೆ ಸಾಕು. ಇವರಿಗೆ ಪ್ರಾಯೋಗಿಕ ಪರೀಕ್ಷೆಯಲ್ಲಿ ಐವತ್ತಕ್ಕೆ ಮೂವತ್ತೊಂದು ಬರಲೇಬೇಕು. ಒಂದೊಂದು ಮಾರ್ಕೂ ಪ್ರಾಣ.

ಮನೆಯಲ್ಲಿ ಊಟದ ಹೊತ್ತಿಗೆ ಇದೇ ಮಾತು. ಗಂಡ ವ್ಯವಹಾರಸ್ಥ. "ಅವರಿಗೆ ಬೇಕಾದ್ದನ್ನ ಬರೆದು ಬಾ. ಕೆಲಸ ಕಾಯಂ ಆಗ್ಲಿ, ಆಮೇಲೆ ಲೇಬಲ್ ಸರಿ ಮಾಡು. ಯಾರು ಬೇಡ ಅಂತಾರೆ?"

"ಕೆಲಸ ಕಾಯಂ ಆದ್ಮೇಲೆ ಸರಿ ಮಾಡೋಕೆ ಮನಸ್ಸು ಬರುತ್ತೆ ಅಂತ ಏನ್ರೀ ಗ್ಯಾರಂಟಿ? ಆ ಐದೂ ಜನಕ್ಕೆ ಕಾಯಂ ಆಗಿದೆ."

ಇದನ್ನು ನನಗೆ ಹೇಳಿದ್ದು ಅವರ ಮಗಳು. ಹೇಳುವಾಗ ಆ ಹುಡುಗಿ ನಗುತ್ತಿದ್ದಳು. ನಾನೂ ನಕ್ಕೆ, ಐದು ಜನದಲ್ಲಿ ನಾನೂ ಒಬ್ಬ ಎಂದು ನೆನಪಾಗುವವರೆಗೆ.

ಪ್ರಾಯೋಗಿಕ ಪರೀಕ್ಷೆಗೆ ಹೊರಗಿನ ಕಾಲೇಜಿನಿಂದ ಒಬ್ಬರು ಪರೀಕ್ಷಕರು ಬರುತ್ತಾರೆ. ಒಳಗಿನ ಪರೀಕ್ಷಕ ನಾನು. ಬಂದವರು ಒಳ್ಳೆಯವರೇ, ಆದರೆ ನಾಲ್ಕೂವರೆಯ ಬಸ್ಸು ಹಿಡಿಯಬೇಕಿತ್ತು. ಬಂದ ಕೂಡಲೇ ಬಸ್ ನಿಲ್ದಾಣ ಎಷ್ಟು ದೂರ ಎಂದು ಕೇಳಿದರು, ಆಮೇಲೆ ಪ್ರಶ್ನೆಪತ್ರಿಕೆ ಕೇಳಿದರು. ಹತ್ತು ಜಾಡಿಗಳನ್ನು ಸಾಲಾಗಿಟ್ಟಿದ್ದೆ. ಏಳನೆಯದು ನೀಲಿ ಮುಚ್ಚಳ. ಮಾದರಿ ಉತ್ತರದ ಹಾಳೆಯನ್ನು ಬರೆದವನೂ ನಾನೇ. ಬರೆದದ್ದು ಹಿಂದಿನ ವರ್ಷದ ಹಾಳೆ ನೋಡಿ.

ಮೂರೂ ಮುಕ್ಕಾಲಿಗೆ ಬಾಯಿಮಾತಿನ ಪರೀಕ್ಷೆಯಲ್ಲಿ ಕೊನೆಯವರಾಗಿ ಜಾಡಿಯಮ್ಮ ಬಂದು ಕೂತರು. ಏಪ್ರನ್ನು ಹಾಕಿರಲಿಲ್ಲ. ಒಗೆದು ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಚೀಲ. ಪಕ್ಕದ ಕುರ್ಚಿಯಲ್ಲಿ ದೊಡ್ಡ ಮೇಷ್ಟ್ರೂ ಬಂದು ಆಸೀನರಾದರು. ಅಂಥ ನಿಯಮವೇನಿಲ್ಲ, ಆಸಕ್ತಿ ಅಷ್ಟೆ.

ಪರೀಕ್ಷಕರು ಅವರ ಉತ್ತರದ ಹಾಳೆ ತೆಗೆದರು. "ಏಳನೇದಕ್ಕೆ ಕಾಲಿಲ್ಲದ ಉಭಯವಾಸಿ ಅಂತ ಬರ್ದಿದೀರಿ. ಇಲ್ಲಿ ಕುರುಡು ಹಾವು ಅಂತಿದೆ. ನಲವತ್ತೊಂದು ಜನವೂ ಕುರುಡು ಹಾವು ಅಂತಲೇ ಬರ್ದಿದಾರೆ. ನೀವೊಬ್ರೇ ಬೇರೆ. ಯಾರದನ್ನ ನೋಡಿ ಬರೆದ್ರಮ್ಮಾ?"

"ಜಾಡೀನ ನೋಡಿ ಬರೆದೆ ಸಾರ್."

ದೊಡ್ಡ ಮೇಷ್ಟ್ರು ನಕ್ಕರು. "ದಿನಾ ಒರೆಸ್ತಾರಲ್ಲ, ಜಾಡಿಗಳ ಜೊತೆ ಸಲಿಗೆ ಜಾಸ್ತಿ."

ಪರೀಕ್ಷಕರು ಗಡಿಯಾರ ನೋಡಿ ಏಳನೆಯದಕ್ಕೆ ಸೊನ್ನೆ ಸುತ್ತಿದರು. "ಇರ್ಲಿ. ಬೇರೆ ಹೇಳಿ. ಜೀವಿಗಳೆಲ್ಲ ಒಂದೇ ಮೂಲದಿಂದ ಬಂದವು ಅಂತೀವಲ್ಲ, ಅದಕ್ಕೆ ಏನು ಸಾಕ್ಷಿ?"

"ತಪ್ಪು ಸಾರ್."

"ಏನು ತಪ್ಪು?"

"ತಪ್ಪೇ ಸಾಕ್ಷಿ ಅಂದೆ ಸಾರ್. ಸರಿಯಾಗಿರೋದನ್ನ ಯಾರು ಬೇಕಾದ್ರೂ ತಾವಾಗೇ ಬರೀಬಹುದು. ಆದ್ರೆ ನೂರು ಜನ ಒಂದೇ ತಪ್ಪನ್ನ ಬರೆದಿದ್ರೆ, ಅದು ಒಂದೇ ಕಡೆಯಿಂದ ಬಂದಿದೆ ಅಂತ ಅರ್ಥ." ಉಗ್ರಾಣದ ಕಡೆ ತಿರುಗಿ ನೋಡಿದರು. "ನಮ್ಮ ಉಗ್ರಾಣದಲ್ಲಿ ಇಪ್ಪತ್ತೆರಡು ವರ್ಷದ ರೆಕಾರ್ಡ್ ಇದೆ ಸಾರ್. ಹದಿನೈದು ವರ್ಷದ ಹಿಂದೆ ಒಬ್ರು ಅವಸರದಲ್ಲಿ ಉಭಯವಾಸಿ ಅನ್ನೋದರಲ್ಲಿ 'ಯ' ಬಿಟ್ಟು 'ಉಭವಾಸಿ' ಅಂತ ಬರೆದ್ರು. ಅದನ್ನ ನೋಡಿ ಬರೆದೋರೆಲ್ಲ ಉಭವಾಸಿ. ನಾಲ್ಕು ವರ್ಷ ಆದ್ಮೇಲೆ ಅವರಲ್ಲೊಬ್ಬ ಉಭವಾಸಿ ಅಂದ್ರೆ ಅರ್ಥ ಇಲ್ವಲ್ಲ ಅಂತ 'ಉಪವಾಸಿ' ಮಾಡ್ದ. ಅವನ ಕಡೆಯೋರೆಲ್ಲ ಉಪವಾಸಿ. ಆಮೇಲೆ ಇನ್ನೊಬ್ಬಳು ವಿವರಣೆ ಸೇರಿಸಿದ್ಲು: 'ಈ ಪ್ರಾಣಿ ಬಹಳ ದಿನ ಆಹಾರವಿಲ್ಲದೆ ಇರಬಲ್ಲದು.' ಈಗ ಯಾವ ರೆಕಾರ್ಡ್ ಕೊಟ್ರೂ, ಅದು ಯಾವ ಮನೆತನದ್ದು, ಯಾವಾಗ ಬೇರೆ ಆಯ್ತು ಅಂತ ಹೇಳ್ತೀನಿ ಸಾರ್. ಜೀವಿಗಳಲ್ಲೂ ಹಾಗೇ ಅಲ್ವಾ? ಉಪಯೋಗಕ್ಕೆ ಬಾರದ ಬೆನ್ನ ತುದಿಯ ಮೂಳೆ ನಮಗೂ ಇದೆ, ನಮ್ಮ ದಾಯಾದಿ ಮಂಗಗಳಲ್ಲಿ ಬಾಲ ಇಲ್ಲದವಕ್ಕೂ ಇದೆ. ಇಬ್ರೂ ಒಬ್ಬರದನ್ನೇ ನೋಡಿ ಬರೆದಿದೀವಿ."

ಪರೀಕ್ಷಕರು ಪೆನ್ನು ಕೆಳಗಿಟ್ಟರು. ಬಸ್ಸು ಮರೆತು ಹೋದ ಮುಖ. "ಆ ಉಭವಾಸಿ ಯಾರು ಅಂತ ಗೊತ್ತಾ?"

"ಗೊತ್ತು ಸಾರ್. ಹೇಳಲ್ಲ." ನಂತರ ಅವರು ನೀಲಿ ಮುಚ್ಚಳದ ಕಡೆ ಕೈ ತೋರಿಸಿದರು. "ಅದೂ ಹಾಗೇ. ನಲವತ್ತೊಂದು ಜನದ ತಪ್ಪಿಗೂ ಮೂಲ ಒಂದೇ. ಅದು ಯಾರು ಅಂತ ಮಾತ್ರ ಹೇಳ್ತೀನಿ. ನಾನು."

ಸಿಂಕು, ನಲ್ಲಿ, ಉದ್ದ ಹೆಸರು, ಗಿಡ್ಡ ಹೆಸರು, ಎಲ್ಲವನ್ನೂ ಹೇಳಿದರು. ಹೇಳಿ ಮುಗಿಸಿ ಚೀಲವನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದು ಕೂತರು. ಕೆಲಸವನ್ನು ತಾವೇ ಕೈಯಾರೆ ಕಳೆದುಕೊಂಡೆ ಎಂದು ಅವರಿಗೆ ಖಾತ್ರಿಯಾಗಿತ್ತು, ಮುಖದಲ್ಲೇ ಕಾಣುತ್ತಿತ್ತು.

ಮೊದಲು ಚೇತರಿಸಿಕೊಂಡವರು ದೊಡ್ಡ ಮೇಷ್ಟ್ರು. "ಲೇಬಲ್ಲಿನ ಬಗ್ಗೆ ಸಂಶಯ ಬಂದಿರೋದ್ರಿಂದ ಏಳನೇ ಪ್ರಶ್ನೆಯನ್ನೇ ರದ್ದು ಮಾಡಿಬಿಡೋಣ. ಯಾರಿಗೂ ಮಾರ್ಕು ಬೇಡ. ಯಾರಿಗೂ ಅನ್ಯಾಯ ಆಗಲ್ಲ." ನಾನು ಕೂಡಿ ನೋಡಿದೆ. ಬಾಯಿಮಾತಿಗೆ ಪೂರ್ತಿ ಹತ್ತು ಕೊಟ್ಟರೂ ಜಾಡಿಯಮ್ಮನ ಒಟ್ಟು ನಲವತ್ತೊಂಬತ್ತು. ನೀಲಿ ಮುಚ್ಚಳ ಸೇರಿದರೆ ಐವತ್ತೊಂದು. ದೊಡ್ಡ ಮೇಷ್ಟ್ರೂ ಕೂಡಿ ನೋಡಿದ್ದರು, ನನಗಿಂತ ಬೇಗ. ಜೀವಶಾಸ್ತ್ರದವರಿಗೆ ಲೆಕ್ಕ ಬರುವುದಿಲ್ಲ ಎನ್ನುವುದು ಸುಳ್ಳು.

ಅವರು ಅಂಕಪಟ್ಟಿಯನ್ನು ನನ್ನ ಕಡೆ ಸರಿಸಿದರು. "ಸಹಿ ಹಾಕಿ."

ಪೆನ್ನು ಕೈಯಲ್ಲೇ ಇತ್ತು. ಒಂಬತ್ತು ವರ್ಷದಿಂದ ಆ ಕೈ ಸಹಿ ಹಾಕು ಎಂದರೆ ಹಾಕುತ್ತದೆ. ಅಂದು ಯಾಕೋ ಹೋಗಲಿಲ್ಲ. "ಹಳೇದಲ್ವಾ, ಉದುರಿ ಹೋಗಿರುತ್ತೆ" ಎಂದ ನನ್ನದೇ ಮಾತು ಕಿವಿಯಲ್ಲಿ ಕೂತಿತ್ತು. ನಾಚಿಕೆಯಾಯಿತು. ಸುತ್ತಿ ಬಳಸಿ ಹೇಳುವಂಥದ್ದೇನಿಲ್ಲ, ಬರೀ ನಾಚಿಕೆ.

"ನೋಡಿ ಹಾಕ್ತೀನಿ ಸಾರ್" ಎಂದೆ.

ಜಾಡಿಯಮ್ಮ ಚೀಲದಿಂದ ಮಸೂರ ತೆಗೆದು ಕೊಟ್ಟರು. ನಾನು ಎದ್ದು ಹೋಗಿ ಏಳನೇ ಜಾಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಹುರುಪೆ ಇಲ್ಲ. ಉಂಗುರಗಳಿವೆ, ಕುರುಡನಿಗೂ ಬೆರಳಾಡಿಸಿದರೆ ತಿಳಿಯುವಷ್ಟು ಸ್ಪಷ್ಟವಾಗಿವೆ. ಸರೀಸೃಪಗಳ ಚರ್ಮದ ಮೇಲೆ ಡಾಕ್ಟರೇಟು ಮಾಡಿದವನು ಸರೀಸೃಪವಲ್ಲದ ಚರ್ಮವನ್ನು ಮೊದಲ ಸಲ ನೋಡುತ್ತಿದ್ದೆ. ಪರೀಕ್ಷಕರು ಬಂದು ಮಸೂರ ಇಸಿದುಕೊಂಡು ತಾವೂ ನೋಡಿದರು. "ಹೌದಲ್ರೀ!" ಎಂದರು. ದೊಡ್ಡ ಮೇಷ್ಟ್ರು ಕುರ್ಚಿಯಿಂದ ಏಳಲಿಲ್ಲ. "ಅದೇನು ನೋಡೋದು, ನಾನು ಮೂವತ್ತು ವರ್ಷದ ಹಿಂದೆಯೇ ನೋಡಿದ್ದೀನಿ" ಎಂದರು. ಮೂವತ್ತು ವರ್ಷದ ಹಿಂದೆ ಲೇಬಲ್ಲು ಸರಿಯಾಗಿತ್ತು. ಆಗ ನೋಡಿದ್ದರೆ ಆಮೇಲೆ ಅದಲುಬದಲಾದದ್ದು ಗೊತ್ತಾಗಬೇಕಿತ್ತು. ಅಂದರೆ ಅವರು ಆಗಲೂ ನೋಡಿರಲಿಲ್ಲ.

ಮಾದರಿ ಉತ್ತರದ ಹಾಳೆಯಲ್ಲಿ ನನ್ನ ಕೈಯಕ್ಷರದ "ಕುರುಡು ಹಾವು" ಎಂಬುದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಮೇಲೆ ಸರಿಯಾದದ್ದನ್ನು ಬರೆದೆ. ಕೆಳಗೆ ನಾವಿಬ್ಬರು ಪರೀಕ್ಷಕರೂ ಸಹಿ ಹಾಕಿದೆವು. ನಲವತ್ತೊಂದು ಮಕ್ಕಳಿಗೆ ಏಳನೆಯದಕ್ಕೆ ಸೊನ್ನೆ, ಯಾರೂ ಅದರಿಂದ ನಪಾಸಾಗಲಿಲ್ಲ. ಜಾಡಿಯಮ್ಮನಿಗೆ ಐವತ್ತೊಂದು. ಪರೀಕ್ಷಕರ ನಾಲ್ಕೂವರೆಯ ಬಸ್ಸು ಹೋಯಿತು.

ಮುಂದಿನ ತಿಂಗಳು ಅವರಿಗೆ ಒಂದೇ ದಿನ ಎರಡು ಲಕೋಟೆ ಬಂದವು. ಒಂದರಲ್ಲಿ ಮ್ಯೂಸಿಯಂ ಕೀಪರ್ ಹುದ್ದೆಯ ಆದೇಶ. ಇನ್ನೊಂದರಲ್ಲಿ ಇಪ್ಪತ್ತೆರಡು ವರ್ಷದ ಹಿಂದೆ ವಿಭಾಗದ ಲೇಬಲ್ಲುಗಳನ್ನು ಅದಲುಬದಲು ಮಾಡಿದ್ದಕ್ಕೆ ಮೂರು ದಿನದೊಳಗೆ ಕಾರಣ ಕೇಳಿ ಮೆಮೊ. ದೊಡ್ಡ ಮೇಷ್ಟ್ರು ಎರಡಕ್ಕೂ ಸಹಿ ಹಾಕಿದ್ದರು. ಮೆಮೊ ನನಗೂ ಒಂದು ಬಂತು. ಭಾಮೈದ ಗ್ರಂಥಾಲಯದಲ್ಲಿ ಒಂದು ಕುರ್ಚಿ ಹಿಡಿದು ಹೊಸ ಪರಿಸರಕ್ಕೆ ಚೆನ್ನಾಗಿ ಹೊಂದಿಕೊಂಡಿದ್ದಾನೆ. ಮಗಳು ಮತ್ತೆ ಹಳೆಯ ದಾರಿಯಲ್ಲೇ ಕ್ಯಾಂಟೀನಿಗೆ ಹೋಗುತ್ತಾಳೆ.

ಜಾಡಿಯಮ್ಮ ಲೇಬಲ್ಲುಗಳನ್ನು ಸರಿಯಾಗಿ ಅಂಟಿಸಿದರು. ಮುಚ್ಚಳಗಳನ್ನು ಮಾತ್ರ ಹಾಗೇ ಬಿಟ್ಟರು. ಈ ವರ್ಷ ಹೊಸ ಮಕ್ಕಳು ಬಂದು ಆ ಎರಡು ಜಾಡಿಗಳ ಮುಂದೆ ಕೂತು ರೆಕಾರ್ಡು ಬರೆದರು. ನಲವತ್ತರಲ್ಲಿ ಮೂವತ್ತೆಂಟು ಜನ ನೀಲಿ ಮುಚ್ಚಳಕ್ಕೆ ಕುರುಡು ಹಾವು ಎಂದೇ ಬರೆದಿದ್ದಾರೆ. ಕಣ್ಣೆದುರಿಗೆ ಲೇಬಲ್ಲಿದೆ, ಅದನ್ನು ಓದಿದರೂ ಸಾಕಿತ್ತು. ಉಪವಾಸಿಯೂ ಬದುಕಿದ್ದಾನೆ, ವಿವರಣೆ ಸಮೇತ.

ಮೊನ್ನೆ ಮಧ್ಯಾಹ್ನ ಅವರು ನನ್ನನ್ನು ಮ್ಯೂಸಿಯಂಗೆ ಕರೆದರು. ಸ್ಟೂಲಿನ ಮುಂದೆ ನೀಲಿ ಮುಚ್ಚಳದ ಜಾಡಿ, ಮಸೂರ, ಚೂಪು ಮಾಡಿದ ಪೆನ್ಸಿಲ್. ಪಕ್ಕದಲ್ಲಿ ಬೆಂಡಾದ ಒಂದು ಹಳೆಯ ರೆಕಾರ್ಡ್ ಪುಸ್ತಕ. ಗುರುತು ಸಿಕ್ಕಿತು. ರಟ್ಟಿನ ಮೇಲೆ ಹದಿನೈದು ವರ್ಷದ ಹಿಂದಿನ ನನ್ನ ಹೆಸರು. ಅವರು ಗುರುತಿಟ್ಟಿದ್ದ ಪುಟ ತೆಗೆದರು. ಒಂದು ಕಡೆ ನೀಲಿ ಮುಚ್ಚಳದ್ದೆಂದು ಮೈತುಂಬ ಹುರುಪೆಯಿರುವ ಹಾವಿನ ಚಿತ್ರ, ಯಾರದೋ ನೋಡಿ ಬರೆದದ್ದು. ಎದುರು ಪುಟದಲ್ಲಿ ಕಪ್ಪು ಮುಚ್ಚಳದ್ದು, ಅದರ ಕೆಳಗೆ ನನ್ನ ಅವಸರದ ಅಕ್ಷರದಲ್ಲಿ: "ಕಾಲಿಲ್ಲದ ಉಭವಾಸಿ." 'ಯ' ಇರಲಿಲ್ಲ. ಅಡಿಯಲ್ಲಿ ದೊಡ್ಡ ಮೇಷ್ಟ್ರ ಸಹಿ, "ನೋಡಿದೆ."

ಆ 'ಯ' ಇರಬೇಕಾದ ಜಾಗದ ಮೇಲೆ ಬೆರಳಿಟ್ಟು ನೋಡಿದೆ.

"ಕೂತ್ಕೊ ಮರಿ" ಎಂದರು ಜಾಡಿಯಮ್ಮ. "ನೋಡಿ ಬರಿ."

ಕೂತೆ. ಎರಡು ಗಂಟೆ ಹಿಡಿಯಿತು. ಉಂಗುರಗಳನ್ನು ಎಣಿಸುತ್ತಾ ಮೂರು ಸಲ ತಪ್ಪಿದೆ, ಮೂರು ಸಲವೂ ಅಳಿಸಿ ಬರೆದೆ. ಕೆಳಗೆ ಉಭಯವಾಸಿ ಎಂದು 'ಯ' ಸೇರಿಸಿ ಬರೆದು ಪುಸ್ತಕವನ್ನು ಅವರ ಕೈಗೆ ಕೊಟ್ಟೆ. ಅವರು ಮಸೂರವನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಒಮ್ಮೆ ನನ್ನ ಚಿತ್ರ, ಒಮ್ಮೆ ಜಾಡಿ, ಒಮ್ಮೆ ಚಿತ್ರ, ಒಮ್ಮೆ ಜಾಡಿ, ಹೀಗೆ ತಲೆಯಿಂದ ಬಾಲದವರೆಗೂ ಹೋಲಿಸಿದರು. ನಾನು ನಿಂತೇ ಇದ್ದೆ. ಕೊನೆಗೆ ಪೆನ್ನು ತೆಗೆದು ಪುಟದ ಅಡಿಯಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದರು: "ನೋಡಿದೆ."